ಯಾದಗಿರಿಯ ಮಗು ಯಾರ ಲೆಕ್ಕದಲ್ಲಿದೆ?

ಕರ್ನಾಟಕದಲ್ಲಿ ಬಡವರು ಶೇ 7.58 ಮಾತ್ರ ಎಂದು 2023ರಲ್ಲಿ ನೀತಿ ಆಯೋಗದ ವರದಿ ಬಂತು. ಅದೇ ವರದಿಯಲ್ಲಿ ಯಾದಗಿರಿಯ ಸಾಲು ಹುಡುಕಿ ನೋಡಿ, ಅಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಬಡವರು. ಮಕ್ಕಳ ಸ್ಥಿತಿ ಇನ್ನೂ ಘೋರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಸಿಗೆ ತಕ್ಕಷ್ಟು ಬೆಳೆಯದ ಐದು ವರ್ಷದೊಳಗಿನ ಮಕ್ಕಳು ರಾಜ್ಯದಲ್ಲಿ ಶೇ 35, ಯಾದಗಿರಿಯಲ್ಲಿ ಶೇ 57. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆ ಇದು! ನಂಜುಂಡಪ್ಪ ಸಮಿತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟದ್ದು 2002ರಲ್ಲಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದೂ ದಶಕ ದಾಟಿದೆ.

ಏನೂ ಆಗಿಲ್ಲ ಎನ್ನುವುದಿಲ್ಲ. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದರು. ಅದಕ್ಕೂ ಕೆಲವು ಮಠಾಧೀಶರು ಅಡ್ಡಬಂದರು. ಹಸಿದ ಮಗುವಿನ ತಟ್ಟೆಗೆ ಕೈ ಅಡ್ಡ ಹಿಡಿಯುವ ಮನಸ್ಸು ಹೇಗೆ ಬಂತೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆದರೆ ಶಾಲೆಯ ಮೊಟ್ಟೆ ಶಾಲೆಗೆ ಬಂದ ಮಗುವಿಗೆ. ಗುಳೆ ಹೊರಟ ಮಗುವಿಗೆ ಏನಿದೆ? ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮನೆ ಕಟ್ಟುವ ಜಾಗದ ತಗಡಿನ ಶೆಡ್‌ನಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ಕಡೆಯ ಕುಟುಂಬವೊಂದಿದೆ. ತಾಯಿ ಜಲ್ಲಿ ಹೊರುತ್ತಾಳೆ. ಎಂಟರ ಆಸುಪಾಸಿನ ಮಗಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಮರಳಿನ ರಾಶಿಯ ಸುತ್ತ ತಿರುಗುತ್ತಾಳೆ. ಬೆಳಿಗ್ಗೆ ಅವನಿಗೆ ಕರಿ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಅತ್ತರೆ ಐದು ರೂಪಾಯಿಯ ಕುರುಕಲು ಪೊಟ್ಟಣ. ಅವಳ ಹೆಸರು ಊರಿನ ಶಾಲೆಯ ಹಾಜರಿಯಲ್ಲಿದೆ, ಅವನ ಹೆಸರು ಊರಿನ ಅಂಗನವಾಡಿಯಲ್ಲಿದೆ. ಮಕ್ಕಳು ಮಾತ್ರ ಇಲ್ಲಿದ್ದಾರೆ. ಇಲ್ಲಿನ ಅಂಗನವಾಡಿ ಎರಡು ಬೀದಿ ಆಚೆ; ಅಲ್ಲಿಗೆ ಇವರು ಯಾರೂ ಅಲ್ಲ.

ಕಟ್ಟಡ ಕಾರ್ಮಿಕರಿಗಾಗಿಯೇ 1996ರಲ್ಲಿ ಕಾಯ್ದೆ ಬಂತು. ಮಹಿಳಾ ಕಾರ್ಮಿಕರು ಐವತ್ತಕ್ಕಿಂತ ಹೆಚ್ಚಿದ್ದರೆ ಶಿಶುಪಾಲನಾ ಕೊಠಡಿ ಇರಬೇಕೆಂದು ಅದು ಹೇಳಿತು. ಮೂವತ್ತು–ನಲವತ್ತರ ನಿವೇಶನದಲ್ಲಿ ಐವತ್ತು ಹೆಂಗಸರು ಎಲ್ಲಿಂದ ಬರಬೇಕು? ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರದ ‘ಕೂಸಿನ ಮನೆ’ ಒಳ್ಳೆಯ ಯೋಜನೆ, ಆದರೆ ಅದು ಗ್ರಾಮ ಪಂಚಾಯಿತಿಗಳಿಗೆ. ಕಟ್ಟಡ ಕಟ್ಟುವವರಿಂದ ವಸೂಲಾಗುವ ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆಯಲ್ಲ, ಆ ಹಣದಲ್ಲಿ ಬಡಾವಣೆಗೊಂದು ಕೂಸಿನ ಮನೆ ತೆರೆಯಲಿ. ಜಿಲ್ಲೆಗೆ ಕೊಟ್ಟ ಅನುದಾನ ಜಿಲ್ಲೆಯಲ್ಲೇ ಉಳಿದು, ಮಗು ಮಾತ್ರ ಬಸ್ ಹತ್ತಿ ಬಂದರೆ ಪ್ರಯೋಜನವೇನು?

ಅಂಗನವಾಡಿಗಳ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಬಂದ ಫಲಾನುಭವಿಯನ್ನು ಹೊಸ ಜಾಗಕ್ಕೆ ಸೇರಿಸಿಕೊಳ್ಳುವ ಅವಕಾಶವಿದೆ. ಯಾರಾದರೂ ಶೆಡ್ ತನಕ ಹೋಗಿ ಕೇಳಬೇಕಷ್ಟೆ. ಮನೆ ಕಟ್ಟಿಸುತ್ತಿರುವ ಗೆಳೆಯರೇ, ನಿಮ್ಮ ಜಾಗದಲ್ಲಿ ಮಕ್ಕಳಿದ್ದರೆ ಹತ್ತಿರದ ಅಂಗನವಾಡಿಗೆ ನೀವೇ ಹೋಗಿ ತಿಳಿಸಿ. ಅಲ್ಲಿ ಹೆಸರು ಸೇರಿಸಿಕೊಳ್ಳಲು ಹಿಂದೇಟು ಹಾಕಿದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಬರೆದು, ಸ್ವೀಕೃತಿ ಪಡೆದುಕೊಳ್ಳಿ.