ರಿಕೆಟ್ಸ್ ಇರುವ ಮಕ್ಕಳ ಎಕ್ಸ್‌ರೇ: ವಾಟ್ಸಾಪ್ ಮಾತು ಸರಿಯಲ್ಲ

ಕೋಲಾರ, ಮುಳಬಾಗಿಲು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಮಗುವಿನ ಕಾಲು ಬಾಗಿದ್ದರೆ ಬಿಸಿಲು, ವಿಟಮಿನ್ ಡಿ ಸಾಕು. ಪದೇ ಪದೇ ಎಕ್ಸ್‌ರೇ ತೆಗೆಸಿದರೆ ಮೂಳೆ ಸವೆಯುತ್ತೆ."

ಮಕ್ಕಳ ಮೂಳೆ ಮೆದುವಾಗಿ ಬಾಗುವ ಕಾಯಿಲೆಯೇ ರಿಕೆಟ್ಸ್. ಬಿಸಿಲು ಸಾಲದೆ ಬರುವ ರಿಕೆಟ್ಸ್‌ಗೆ ವಿಟಮಿನ್ ಡಿ ಕೆಲಸ ಮಾಡುತ್ತದೆ, ನಿಜ. ಆದರೆ ವಂಶದಿಂದ ಬರುವುದರಲ್ಲಿ ಹೆಚ್ಚಾಗಿ ಕಾಣುವ ಬಗೆಯೇ ಬೇರೆ. ಎಫ್‌ಜಿಎಫ್23 ಎಂಬ ಹಾರ್ಮೋನ್ ಜಾಸ್ತಿಯಾಗಿ, ಮೂಳೆ ಗಟ್ಟಿಯಾಗಲು ಬೇಕಾದ ಫಾಸ್ಫೇಟ್ ಎಂಬ ಖನಿಜವನ್ನು ಕಿಡ್ನಿ ಮೂತ್ರದಲ್ಲಿ ಸೋರಿಸಿಬಿಡುತ್ತದೆ. ಮಗುವನ್ನು ಎಷ್ಟು ಹೊತ್ತು ಬಿಸಿಲಲ್ಲಿ ಕೂರಿಸಿದರೂ ಆ ಸೋರಿಕೆ ನಿಲ್ಲುವುದಿಲ್ಲ.

ಎಕ್ಸ್‌ರೇಯಿಂದ ಮೂಳೆ ಸವೆಯುವುದೂ ಇಲ್ಲ. ಮೊಣಕಾಲು, ಮಣಿಕಟ್ಟಿನ ಎಕ್ಸ್‌ರೇಯಲ್ಲಿ ವಿಕಿರಣ ತೀರಾ ಕಡಿಮೆ. ಸುತ್ತಲಿನ ನೆಲ, ಗಾಳಿಯಿಂದ ಕೆಲವೇ ಗಂಟೆಗಳಲ್ಲಿ ನಮಗೆ ತಾಗುವಷ್ಟು. ಮೂಳೆ ಬೆಳೆಯುವ ತುದಿ ಅಗಲವಾಗಿದೆಯೇ, ಅಂಚು ಚಿಂದಿಯಾದಂತಿದೆಯೇ ಎಂದು ನೋಡಿ 0ಯಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಅಂಕ ಇಳಿದರೆ ಔಷಧಿ ಹಿಡಿಯುತ್ತಿದೆ ಅಂತ. ಹಾಗಂತ ಸುಮ್ನೆ ತಿಂಗಳಿಗೊಮ್ಮೆ ತೆಗೆಸೋದೂ ಬೇಡ, ಡಾಕ್ಟರ್ ಹೇಳಿದಾಗ ಸಾಕು. ಫಾಸ್ಫೇಟ್ ಔಷಧಿ ತಗೊಳ್ಳುವ ಮಕ್ಕಳ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟಬಹುದು. ಅದನ್ನು ನೋಡಲು ಅಲ್ಟ್ರಾಸೌಂಡ್ ಇದೆ, ಅದರಲ್ಲಿ ವಿಕಿರಣವೇ ಇಲ್ಲ.

ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕೂಡ ಮೂಳೆ ಕೆಡಿಸುತ್ತದೆ, ಅಲ್ವಾ? ಬರೀ ಕಾಲು ನೋಡಿ ಕಾರಣ ಹೇಳಲಾಗದು. ರಕ್ತದಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ಮೊದಲು ಪರೀಕ್ಷೆ ಮಾಡಿಸಿ.