ಹದಿನೆಂಟು ನಿಮಿಷದ ಮೋಕ್ಷ

ಮಹಾಭಾರತಕ್ಕೆ 18 ಪರ್ವ, ಗೀತೆಗೆ 18 ಅಧ್ಯಾಯ, ಕುರುಕ್ಷೇತ್ರದ ಕಾಳಗ 18 ದಿನ, ಶಬರಿಮಲೆಯ ಮೆಟ್ಟಿಲು 18. ಬಗೆಬಗೆಯ ತಜ್ಞರು ವೇದಿಕೆ ಹತ್ತಿ ತಮ್ಮ ವಿಚಾರ ಹೇಳುವ ಅಮೆರಿಕದ ಭಾಷಣಸಭೆ 'ಟೆಡ್'ನಲ್ಲಿ ಒಂದು ಭಾಷಣಕ್ಕೆ ಹೆಚ್ಚೆಂದರೆ 18 ನಿಮಿಷ. ಈ ಟೆಡ್ಡೇ ಹೊಸ ಕಾಲದ ಧರ್ಮ ಎನ್ನುವ ಮಾತುಂಟು. ಇಷ್ಟಾದ ಮೇಲೂ ಇದೊಂದು ಧರ್ಮವೇ, ಅಲ್ಲವೇ ಎಂದು ತಲೆ ಕೆರೆದುಕೊಳ್ಳುವವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ.

ಸ್ಥಳಪುರಾಣ ಕೇಳಿ. 1984ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವತಾರ. ಮೊದಲ ಸಭೆಯಲ್ಲೇ ನಷ್ಟ, ಆಮೇಲೆ ಆರು ವರ್ಷ ಅಜ್ಞಾತವಾಸ. ಪಾಂಡವರದ್ದೇ ಒಂದು ವರ್ಷಕ್ಕೆ ಮುಗಿದಿತ್ತು. 2006ರಲ್ಲಿ ಭಾಷಣಗಳು ಅಂತರ್ಜಾಲಕ್ಕೆ ಬಂದವು. 2009ರಲ್ಲಿ ಟೆಡ್‌ಎಕ್ಸ್ ಹೆಸರಿನ ಶಾಖಾಮಠಗಳು ಊರೂರಲ್ಲಿ ತಲೆಯೆತ್ತಿದವು. ಅದೇ ನವೆಂಬರಿನಲ್ಲಿ ಸಾಕ್ಷಾತ್ ಟೆಡ್ ಇಂಡಿಯಾ, ನಮ್ಮ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿಗೇ ದಯಮಾಡಿಸಿತು. ಚಾಮುಂಡಿ ತಾಯಿ ದೊಡ್ಡ ಮನಸ್ಸಿನವಳು, ಏನೂ ಅನ್ನಲಿಲ್ಲ.

ಈಗ ಮಹಾಸಭೆಗೆ ಟಿಕೆಟ್ಟು ಸಾವಿರಾರು ಡಾಲರು. ತಿರುಪತಿಯಲ್ಲಿ 300 ರೂಪಾಯಿಯ ಸಾಲಿನಲ್ಲಿ ನಿಂತು ಗೊಣಗುವವರು ಗಮನಿಸತಕ್ಕದ್ದು. ದುಂಡನೆಯ ಕೆಂಪು ಜಮಖಾನೆಯೇ ಗರ್ಭಗುಡಿ. ಪ್ರವಚನದ ಕ್ರಮವೂ ನಿಗದಿ: ಮೊದಲು ಬಾಲ್ಯದ ಒಂದು ಕಷ್ಟ, ನಡುವೆ ಮಿದುಳಿನ ಒಂದು ಚಿತ್ರ, ಕೊನೆಗೆ ಮೂರು ಸೂತ್ರ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಮಂಗಳಾರತಿ ಆಯಿತು. ತಟ್ಟೆ ಬರುವುದಿಲ್ಲ, ಕಾಸು ಬಾಗಿಲಲ್ಲೇ ಇಸಿದುಕೊಂಡಿದ್ದಾರೆ.

ಪವಾಡಗಳೂ ಉಂಟು. 2012ರಲ್ಲಿ ಏಮಿ ಕಡ್ಡಿ ಎಂಬ ಪ್ರಾಧ್ಯಾಪಕಿ, ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ಸೆಟೆದು ನಿಂತರೆ ಮೈಯ ಹಾರ್ಮೋನೇ ಬದಲಾಗಿ ಧೈರ್ಯ ಉಕ್ಕುತ್ತದೆ ಎಂದರು. ಕೋಟ್ಯಂತರ ಸಲ ಆ ಭಾಷಣ ನೋಡಿದರು. ಸಂದರ್ಶನಕ್ಕೆ ಮುಂಚೆ ಆಫೀಸಿನ ಕಕ್ಕಸಿಗೆ ಹೋಗಿ ಹಾಗೆ ನಿಂತ ಭಕ್ತರಿದ್ದಾರೆ. ಹಳೆಯ ಧರ್ಮಗಳು ಅಡ್ಡಬೀಳು ಎನ್ನುತ್ತಿದ್ದವು, ಇದು ಸೆಟೆದು ನಿಲ್ಲು ಅಂದಿತು. ಬೇರೆ ಸಂಶೋಧಕರು ಹೆಚ್ಚು ಜನರನ್ನು ಹಾಗೆ ನಿಲ್ಲಿಸಿ ನೋಡಿದರೆ ಹಾರ್ಮೋನು ಅಲ್ಲಾಡಲೇ ಇಲ್ಲ. 2016ರಲ್ಲಿ ಕಡ್ಡಿಯವರ ಮಾತಿಗೆ ಆಧಾರವಾಗಿದ್ದ ಸಂಶೋಧನಾ ಪ್ರಬಂಧದ ಸಹಲೇಖಕಿಯೇ, ಆ ಪರಿಣಾಮದಲ್ಲಿ ತನಗೆ ನಂಬಿಕೆಯಿಲ್ಲ ಎಂದು ಬರೆದು ಕೈತೊಳೆದುಕೊಂಡರು. ಇಲ್ಲಿ ಮಾತ್ರ ಟೆಡ್‌ಗೆ ಒಂದು ಅಂಕ ಕೊಡಬೇಕು. ನಮ್ಮ ಯಾವ ಸ್ಥಳಪುರಾಣದ ಸಹಲೇಖಕರೂ ಇಷ್ಟು ಪ್ರಾಮಾಣಿಕರಾಗಿದ್ದ ದಾಖಲೆಯಿಲ್ಲ. ಭಕ್ತರೇನೋ ಇನ್ನೂ ನಿಂತೇ ಇದ್ದಾರೆ.

ನನಗೆ ಒಂದೇ ಅನುಮಾನ. ರಾಮನವಮಿಯ ಹರಿಕಥೆಯಲ್ಲಿ ದಾಸರು ಏನು ಹೇಳಿದರೆಂದು ಅರ್ಧ ಸಭೆಗೆ ನೆನಪಿರುವುದಿಲ್ಲ, ಅದು ನಿದ್ದೆಯಲ್ಲಿರುತ್ತದೆ. ಜನ ಬರುವುದು ಪಾನಕಕ್ಕೆ, ಕೋಸಂಬರಿಗೆ, ಯಾರ ಮಗಳ ಮದುವೆ ಎಲ್ಲಿಗೆ ಬಂತೆಂದು ವಿಚಾರಿಸುವುದಕ್ಕೆ. 2013ರಲ್ಲಿ ಲಂಡನ್ನಿನ ಇಬ್ಬರು ಹಾಸ್ಯಗಾರರು 'ಸಂಡೇ ಅಸೆಂಬ್ಲಿ' ಎಂಬ ದೇವರಿಲ್ಲದ ಚರ್ಚು ತೆರೆದಾಗ, ಭಾಷಣದ ಜೊತೆಗೆ ಹಾಡು, ಟೀ ಎಲ್ಲ ಇಟ್ಟರು. ಹಾಸ್ಯಗಾರರಲ್ಲವೇ, ವಿಷಯ ಅರ್ಥವಾಗಿತ್ತು.

ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಮೋಕ್ಷ ಪಡೆಯುವವನಿಗೆ ಟೀ ಕೊಡುವವರು ಯಾರು? ಇರಲಿ, ಷೋಡಶ ಸಂಸ್ಕಾರಗಳನ್ನೂ ಹೊಂದಿಸಬಹುದು. ನಾಮಕರಣಕ್ಕೆ 'ಹೆಸರಿನ ಶಕ್ತಿ', ಮದುವೆಗೆ 'ದುರ್ಬಲತೆಯ ಬಲ', ವೈಕುಂಠ ಸಮಾರಾಧನೆಗೆ 'ಸೋಲಿನಿಂದ ಕಲಿತ ಮೂರು ಪಾಠ'. ಹೆಣಕ್ಕೆ ಹೆಗಲು ಕೊಡುವ ನಾಲ್ಕು ಜನ ಎಲ್ಲಿಂದ ಬರುತ್ತಾರೆ ಎಂದು ಮಾತ್ರ ಕೇಳಬೇಡಿ. ಭಾಷಣ ಮುಗಿದ ಮೇಲೆ ಸಭಿಕರು ಪ್ರಶ್ನೆ ಕೇಳುವ ಪದ್ಧತಿ ಇಲ್ಲಿಲ್ಲ.