ಬೆವರುತ್ತಿರುವವರಿಗೆ ಮಾ ಹುವಾಂಗ್ ಅಲ್ಲ
ಲೇಖನ ಚೆನ್ನಾಗಿದೆ ಸರ್. ಆದರೆ ‘ಯಾವ ಚಳಿಜ್ವರಕ್ಕಾದರೂ ಮಾ ಹುವಾಂಗ್ ಕಷಾಯ ಕುಡಿಯಬಹುದು’ ಅಂದಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ. (ಮಾ ಹುವಾಂಗ್ ಅಂದರೆ ಚೀನೀ ವೈದ್ಯದಲ್ಲಿ ಬಳಸುವ ಎಫೆಡ್ರಾ ಗಿಡದ ಒಣಗಿಸಿದ ಕಾಂಡ.) ಚೀನೀ ವೈದ್ಯರು ಮೊದಲು ಕೇಳುವುದೇ ಬೆವರು ಬರ್ತಿದೆಯಾ ಅಂತ. ಮೈ ನಡುಗ್ತಿದೆ, ಕೈಕಾಲು ನೋವು, ಒಂದು ಹನಿಯೂ ಬೆವರಿಲ್ಲ ಅಂದರೆ ಮಾತ್ರ ಮಾ ಹುವಾಂಗ್. ಅದರ ಜತೆ ದಾಲ್ಚಿನ್ನಿ ಮರದ ಎಳೆ ಕಡ್ಡಿ, ಏಪ್ರಿಕಾಟ್ ಬೀಜದ ತಿರುಳು, ಜೇಷ್ಠಮಧು ಹಾಕುತ್ತಾರೆ. ಮೊದಲು ಮಾ ಹುವಾಂಗ್ ಒಂದನ್ನೇ ಕುದಿಸಿ, ಮೇಲೆ ಬಂದ ನೊರೆ ತೆಗೆದ ಮೇಲೇ ಉಳಿದದ್ದು. ಆಗಲೇ ಬೆವರುತ್ತಿರುವವರಿಗೆ ದಾಲ್ಚಿನ್ನಿ ಕಡ್ಡಿಯೇ ಮುಖ್ಯವಾದ ಬೇರೆ ಕಷಾಯ, ಅದರ ಹಿಂದೆ ಬಿಸಿ ಗಂಜಿ (ಗಂಜಿ ಅಲ್ಲೂ ಬಿಟ್ಟಿಲ್ಲ ನೋಡಿ!). ಸುಮಾರು 1800 ವರ್ಷದ ಹಿಂದೆ ಚೀನೀ ವೈದ್ಯ ಝಾಂಗ್ ಝೋಂಗ್‌ಜಿಂಗ್ ಹಾಕಿಕೊಟ್ಟ ದಾರಿ ಇದು.

ವಿಚಿತ್ರ ಅಂದರೆ, ಕಾಂಡ ಬೆವರು ತರಿಸುತ್ತೆ ಅನ್ನುವ ಅದೇ ವೈದ್ಯರು ಅದೇ ಗಿಡದ ಬೇರನ್ನು ಬೆವರು ನಿಲ್ಲಿಸೋಕೆ ಕೊಡ್ತಾರೆ.

ಇನ್ನೊಂದು ಮಾತು ನೀವು ಬಿಟ್ಟಿದ್ದೀರಿ. ಮಾ ಹುವಾಂಗಿನಲ್ಲಿರುವುದು ಎಫೆಡ್ರಿನ್ ಅನ್ನುವ ರಾಸಾಯನಿಕ. 1885ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ನಾಗಾಯಿ ನಾಗಾಯೋಶಿ ಬೇರ್ಪಡಿಸಿದ್ದು. ಎದೆಬಡಿತ, ಬಿಪಿ ಎರಡನ್ನೂ ಏರಿಸುತ್ತೆ. ತೂಕ ಇಳಿಸುವ ಮಾತ್ರೆಗಳಲ್ಲಿ ಇದನ್ನು ಸೇರಿಸಿ ಅನಾಹುತಗಳಾದ ಮೇಲೆ ಅಮೆರಿಕ 2004ರಲ್ಲಿ ಅಂಥ ಪೂರಕಗಳನ್ನು ನಿಷೇಧಿಸಿತು. ಬಿಪಿ, ಹೃದಯದ ತೊಂದರೆ ಇರುವವರು ನಿಮ್ಮ ಲೇಖನ ಓದಿ ಆನ್‌ಲೈನಲ್ಲಿ ತರಿಸಿಕೊಂಡುಬಿಟ್ಟಾರು, ದಯವಿಟ್ಟು ಒಂದು ಸಾಲು ಎಚ್ಚರಿಕೆ ಸೇರಿಸಿ.